ಡ್ಯಾಶ್‌ಬೋರ್ಡ್ ದೀಪಗಳೆಲ್ಲ ಒಟ್ಟಿಗೆ ಹತ್ತಿದರೆ: ಕಾರಿನ ಕ್ಯಾನ್ ಲೈನ್ ನೀವೇ ಚೆಕ್ ಮಾಡುವುದು ಹೇಗೆ

ತಿಂಗಳು ತಿಂಗಳೂ ಬರುವ ಪ್ರಶ್ನೆ ಇದು. "ಎಬಿಎಸ್ ದೀಪ, ಸ್ಟೀರಿಂಗ್ ದೀಪ, ಚೆಕ್ ಇಂಜಿನ್ ಎಲ್ಲಾ ಒಂದೇ ಸಲ ಹತ್ತಿವೆ, ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬಿದ್ದಿದೆ, ಗ್ಯಾರೇಜಿನವರು ಇಸಿಎಂ (ಇಂಜಿನ್ ನೋಡಿಕೊಳ್ಳುವ ಕಂಪ್ಯೂಟರ್) ಹೋಗಿದೆ ಅಂತಾರೆ, ಹೊಸದು ಹಾಕಿಸಲಾ?" ದಾವಣಗೆರೆಯವರೂ ಕೇಳುತ್ತಾರೆ, ಹರಿಹರದವರೂ ಕೇಳುತ್ತಾರೆ, ಚಿತ್ರದುರ್ಗ, ಹಿರಿಯೂರು ಕಡೆಯವರೂ ಕೇಳುತ್ತಾರೆ. ಸ್ವಲ್ಪ ತಡೀರಿ. ನಾಲ್ಕು ದೀಪ ಒಟ್ಟಿಗೆ ಹತ್ತಿದ ಮಾತ್ರಕ್ಕೆ ನಾಲ್ಕು ಪಾರ್ಟ್ ಒಟ್ಟಿಗೆ ಕೆಟ್ಟಿವೆ ಅಂತಲ್ಲ. ಅವು ಒಂದಕ್ಕೊಂದು ಮಾತಾಡುವ ವೈರ್‌ನಲ್ಲೋ (ಅದೇ ಕ್ಯಾನ್ ಲೈನ್), ಅವಕ್ಕೆ ಕರೆಂಟ್ ಕೊಡುವ ಜಾಗದಲ್ಲೋ ತೊಂದರೆ ಇರುವ ಸಾಧ್ಯತೆಯೇ ಜಾಸ್ತಿ. ಇಸಿಎಂಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಒಂದು ಮಲ್ಟಿಮೀಟರ್ ಹಿಡಿದು ಅರ್ಧ ದಿನ ಕೂತರೆ ಬಹಳಷ್ಟು ಗೊತ್ತಾಗುತ್ತದೆ.

ಮೊದಲು, ಇವು ಮಾತಾಡುವುದು ಹೇಗೆ

ಇವತ್ತಿನ ಕಾರಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಪುಟ್ಟ ಕಂಪ್ಯೂಟರ್ ಇದೆ. ಅದಕ್ಕೆ ಮಾಡ್ಯೂಲ್ ಅನ್ನುತ್ತಾರೆ. ಇಂಜಿನ್ ನೋಡಿಕೊಳ್ಳುವುದು ಇಸಿಎಂ. ಬ್ರೇಕ್‌ಗೆ ಎಬಿಎಸ್ ಮಾಡ್ಯೂಲ್. ಡೋರ್ ಲಾಕ್, ಲೈಟ್, ವೈಪರ್, ಹಾರನ್‌ಗೆ ಬಿಸಿಎಂ, ಅಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್‌ಗೆ ಒಂದು, ಏರ್‌ಬ್ಯಾಗ್‌ಗೆ ಒಂದು, ಮೀಟರ್ ಬೋರ್ಡ್ ಕೂಡ ಒಂದು.

ಮೊದಲೆಲ್ಲ ಒಂದು ಮಾಹಿತಿಗೆ ಒಂದು ವೈರ್ ಎಳೆಯುತ್ತಿದ್ದರು. ಮಾಡ್ಯೂಲ್ ಹೆಚ್ಚಾದಂತೆ ವೈರಿಂಗ್ ಕಟ್ಟು ದಪ್ಪವಾಗುತ್ತಾ ಹೋಯಿತು. ಅದಕ್ಕೆ ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ಕೆಲಸ ಶುರು ಮಾಡಿ 1986ರಲ್ಲಿ ಡೆಟ್ರಾಯಿಟ್‌ನ ಎಂಜಿನಿಯರುಗಳ ಸಮ್ಮೇಳನದಲ್ಲಿ ಕ್ಯಾನ್ ಅನ್ನುವ ವ್ಯವಸ್ಥೆಯನ್ನು ಮುಂದಿಟ್ಟಿತು. ಕಂಟ್ರೋಲರ್ ಏರಿಯಾ ನೆಟ್‌ವರ್ಕ್ ಅನ್ನುವುದರ ಚಿಕ್ಕ ರೂಪ ಅದು. (ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೊ ಫ್ಯಾಕ್ಟರಿ ಅಂತಿತ್ತಲ್ಲ, ಅದೇ ಬಾಷ್.) 1991ರ ಹೊತ್ತಿಗೆ ಮರ್ಸಿಡಿಸ್ ಎಸ್ ಕ್ಲಾಸ್ ಕಾರಿನಲ್ಲಿ ಇದು ರಸ್ತೆಗೂ ಬಂತು.

ಇದರಲ್ಲಿ ಇರುವುದು ಎರಡೇ ವೈರ್. ಒಂದು ಕ್ಯಾನ್ ಹೈ, ಇನ್ನೊಂದು ಕ್ಯಾನ್ ಲೋ. ಎರಡನ್ನೂ ಒಂದಕ್ಕೊಂದು ಹೊಸೆದಿರುತ್ತಾರೆ. ಎಲ್ಲಾ ಮಾಡ್ಯೂಲ್‌ಗಳೂ ಇದೇ ಜೋಡಿಗೆ ಸೇರಿಕೊಂಡಿರುತ್ತವೆ. ಯಾರೂ ಮಾತಾಡದೆ ಇದ್ದಾಗ ಎರಡೂ ವೈರ್ ಸುಮಾರು 2.5 ವೋಲ್ಟ್‌ನಲ್ಲಿ ನಿಂತಿರುತ್ತವೆ. ಯಾವುದಾದರೂ ಮಾಡ್ಯೂಲ್ ಮಾತಾಡಿದಾಗ ಹೈ 3.5ಕ್ಕೆ ಏರುತ್ತದೆ, ಲೋ 1.5ಕ್ಕೆ ಇಳಿಯುತ್ತದೆ. ಕೇಳಿಸಿಕೊಳ್ಳುವ ಮಾಡ್ಯೂಲ್ ನೋಡುವುದು ಇವೆರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಹೊರಗಿನಿಂದ ಏನಾದರೂ ಗದ್ದಲ ಬಂದರೆ, ಉದಾಹರಣೆಗೆ ಇಗ್ನಿಷನ್ ಕಾಯಿಲ್‌ನಿಂದ, ಹೊಸೆದ ಎರಡೂ ವೈರ್ ಮೇಲೆ ಅದು ಒಂದೇ ಸಮ ಬೀಳುತ್ತದೆ, ವ್ಯತ್ಯಾಸ ಹಾಗೇ ಉಳಿಯುತ್ತದೆ. ಹೊಸೆಯುವುದು ಸುಮ್ನೆ ಚಂದಕ್ಕಲ್ಲ, ರಿಪೇರಿ ಮಾಡುವಾಗ ಈ ಮಾತು ನೆನಪಿರಲಿ.

ಪ್ರತಿ ಸಂದೇಶಕ್ಕೂ ಒಂದು ನಂಬರ್ ಇರುತ್ತದೆ. ಹಿಂದೆ ಗರಿಷ್ಠ 8 ಬೈಟ್ ಮಾಹಿತಿ. ಇಬ್ಬರು ಒಟ್ಟಿಗೆ ಶುರು ಮಾಡಿದರೆ? ಊರ ಕಟ್ಟೆ ಮೇಲೆ ಇಬ್ಬರು ಒಟ್ಟಿಗೆ ಬಾಯಿ ತೆರೆದಾಗ ಹಿರಿಯರು ಹೇಳಲಿ ಅಂತ ಕಿರಿಯರು ಸುಮ್ಮನಾಗುತ್ತಾರಲ್ಲ, ಹಾಗೆ. ಚಿಕ್ಕ ನಂಬರಿನ ಸಂದೇಶವೇ ಇಲ್ಲಿ ಹಿರಿಯ. ಅದು ತಡೆಯಿಲ್ಲದೆ ಮುಂದುವರಿಯುತ್ತದೆ, ದೊಡ್ಡ ನಂಬರ್ ನಿಂತು ಆಮೇಲೆ ಮತ್ತೆ ಪ್ರಯತ್ನಿಸುತ್ತದೆ. ಬ್ರೇಕ್, ಇಂಜಿನ್‌ಗೆ ಸಂಬಂಧಿಸಿದ ತುರ್ತು ಸಂದೇಶಗಳಿಗೆ ಸಾಮಾನ್ಯವಾಗಿ ಚಿಕ್ಕ ನಂಬರ್ ಕೊಟ್ಟಿರುತ್ತಾರೆ.

ಈಗ ಸ್ಪೀಡೋಮೀಟರ್ ಕಥೆಗೆ ಬನ್ನಿ. ಬಹಳಷ್ಟು ಕಾರುಗಳಲ್ಲಿ ವೇಗ ಅಳೆಯುವುದು ಚಕ್ರದ ಹತ್ತಿರದ ಸೆನ್ಸಾರ್. ಅದು ಹೇಳುವುದು ಎಬಿಎಸ್ ಮಾಡ್ಯೂಲ್‌ಗೆ. ಎಬಿಎಸ್ ಅದನ್ನು ಕ್ಯಾನ್ ಲೈನ್ ಮೇಲೆ ಎಲ್ಲರಿಗೂ ಕೇಳುವಂತೆ ಹೇಳುತ್ತದೆ. ಮೀಟರ್ ಬೋರ್ಡ್ ಮುಳ್ಳು ಏರಿಸುತ್ತದೆ, ಸ್ಟೀರಿಂಗ್ ಮಾಡ್ಯೂಲ್ ವೇಗ ಹೆಚ್ಚಿದಂತೆ ಸಹಾಯ ಕಡಿಮೆ ಮಾಡುತ್ತದೆ, ಬಿಸಿಎಂ ಬಾಗಿಲು ಲಾಕ್ ಮಾಡುತ್ತದೆ, ಕೆಲವು ಕಾರಿನಲ್ಲಿ ಸ್ಟೀರಿಯೋ ಕೂಡ ಸೌಂಡ್ ಹೆಚ್ಚಿಸುತ್ತದೆ. ಎಬಿಎಸ್ ಒಂದು ಮೌನವಾದರೆ ಇಷ್ಟೂ ಕಡೆ ತೊಂದರೆ ಕಾಣುತ್ತದೆ. ಮೀಟರ್ ಬೋರ್ಡ್ ಬದಲಿಸಿ ಏನು ಬಂತು, ಸ್ಟೀರಿಂಗ್ ಬದಲಿಸಿ ಏನು ಬಂತು ಹೇಳಿ.

ಕ್ಯಾನ್ ಜೊತೆಗೆ ಲಿನ್ ಅಂತ ಒಂದು ಒಂಟಿ ವೈರ್ ವ್ಯವಸ್ಥೆಯೂ ಇದೆ. ನಿಧಾನದ್ದು, ಪವರ್ ವಿಂಡೋ, ಕನ್ನಡಿಯಂಥ ಸಣ್ಣ ಕೆಲಸಕ್ಕೆ ಬಳಸುತ್ತಾರೆ. ಇಲ್ಲಿ ಅದರ ಗೋಜಿಗೆ ಹೋಗುವುದಿಲ್ಲ.

ಏನೇನು ಬೇಕು

ಡಿಜಿಟಲ್ ಮಲ್ಟಿಮೀಟರ್, ಕೆಲವು ನೂರು ರೂಪಾಯಿಯದ್ದು ಸಾಕು. ತೆಳುವಾದ ಪಿನ್ ಇರುವ ಪ್ರೋಬ್. 10 ನಂಬರ್ ಸ್ಪ್ಯಾನರ್, ಟಾರ್ಚ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ. ಎಲ್ಲಾ ಮಾಡ್ಯೂಲ್‌ಗಳನ್ನೂ ಓದುವ ಸ್ಕ್ಯಾನರ್ ಸಿಕ್ಕರೆ ಬಹಳ ಒಳ್ಳೆಯದು. ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಅಗ್ಗದ ಅಡಾಪ್ಟರ್ ಸಾಮಾನ್ಯವಾಗಿ ಇಂಜಿನ್ ಕೋಡ್ (ತೊಂದರೆ ಕಂಡಾಗ ಮಾಡ್ಯೂಲ್ ಬರೆದಿಡುವ ಗುರುತಿನ ನಂಬರ್) ಮಾತ್ರ ತೋರಿಸುತ್ತದೆ, ಅದನ್ನೇ ನಂಬಿ "ಕೋಡ್ ಏನೂ ಇಲ್ಲ" ಅನ್ನಬೇಡಿ.

ಎರಡು ಎಚ್ಚರಿಕೆ. ಹಳದಿ ಬಣ್ಣದ ಕನೆಕ್ಟರ್ ಏರ್‌ಬ್ಯಾಗ್‌ದು, ಅದಕ್ಕೆ ಮೀಟರ್ ಹಚ್ಚಲೇಬಾರದು, ಏರ್‌ಬ್ಯಾಗ್ ಸಿಡಿಯುವ ಅಪಾಯ ಇದೆ. ಹೈಬ್ರಿಡ್, ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಕೇಬಲ್ ಹತ್ತಿರವೂ ಹೋಗಬೇಡಿ. ಕಾರು ಇನ್ನೂ ವಾರಂಟಿಯಲ್ಲಿದ್ದರೆ ವೈರ್ ಕತ್ತರಿಸುವ ಯೋಚನೆಯೇ ಬೇಡ, ನೇರ ಶೋರೂಂಗೆ ಹೋಗಿ.

1. ಬ್ಯಾಟರಿಯಿಂದ ಶುರು ಮಾಡಿ

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ವೋಲ್ಟೇಜ್ ತೀರಾ ಇಳಿದರೆ ಕೆಲವು ಮಾಡ್ಯೂಲ್ ಒಂದು ಕ್ಷಣ ಆಫ್ ಆಗುತ್ತವೆ, ಉಳಿದವು "ಅವನು ಮಾತಾಡ್ತಿಲ್ಲ" ಅಂತ ಕೋಡ್ ಬರೆದಿಡುತ್ತವೆ. ವೈರ್ ಚೆನ್ನಾಗಿದೆ, ಮಾಡ್ಯೂಲ್ ಚೆನ್ನಾಗಿದೆ, ಬ್ಯಾಟರಿ ಮುದಿಯಾಗಿದೆ, ಅಷ್ಟೇ.

ರಾತ್ರಿ ನಿಂತ ಕಾರಿನಲ್ಲಿ ಬೆಳಿಗ್ಗೆ ಅಳೆಯಿರಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಅಂದರೆ ಹೆಚ್ಚುಕಡಿಮೆ ಅರ್ಧ. ಒಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ ಮೀಟರ್ ನೋಡಿ. 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಟೆಸ್ಟ್ ಮಾಡಿಸಿ, ಆಮೇಲೆ ಮಿಕ್ಕಿದ್ದು. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿಗೆ ಬ್ಯಾಟರಿ ಬೇಗ ಸೋಲುತ್ತದೆ, ಗೊತ್ತೇ ಇದೆ.

2. ಅರ್ಥಿಂಗ್ ನೋಡಿ

ಹೆಡ್‌ಲೈಟ್ ಆನ್ ಮಾಡಿ. ಮೀಟರ್ ಡಿಸಿ ವೋಲ್ಟ್‌ನಲ್ಲಿರಲಿ. ಒಂದು ಪ್ರೋಬ್ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಬಾಡಿಯ ಬಣ್ಣವಿಲ್ಲದ ಬೋಲ್ಟ್‌ಗೆ. ಸೊನ್ನೆಯ ಹತ್ತಿರ ತೋರಿಸಬೇಕು. 0.2 ವೋಲ್ಟ್ ದಾಟಿದರೆ ಅರ್ಥ್ ಕೇಬಲ್ ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಬಿಗಿ ಮಾಡಿ. ಇಂಜಿನ್‌ಗೂ ಬಾಡಿಗೂ ನಡುವಿನ ಅರ್ಥ್ ಪಟ್ಟಿಯನ್ನೂ ನೋಡಿ. ಹೊರಗಿನಿಂದ ಚೆನ್ನಾಗಿ ಕಂಡರೂ ಲಗ್ ಒಳಗೆ ಹಸಿರು ಪುಡಿ ಕಟ್ಟಿ ನಾಲ್ಕೇ ಎಳೆ ಉಳಿದಿರುತ್ತದೆ.

3. ಕೋಡ್ ಓದಿ, ಆದರೆ ಸರಿಯಾಗಿ ಓದಿ

ಪಿ ಅಂತ ಶುರುವಾದರೆ ಇಂಜಿನ್-ಗೇರ್, ಬಿ ಅಂದರೆ ಬಾಡಿ, ಸಿ ಅಂದರೆ ಬ್ರೇಕ್, ಸ್ಟೀರಿಂಗ್ ಕಡೆಯದು. ಯು ಅಂತ ಶುರುವಾದರೆ ಮಾಡ್ಯೂಲ್‌ಗಳ ಮಾತುಕತೆಯ ದೂರು. ಯು0100 ಅಂದರೆ ಇಸಿಎಂ ಜೊತೆ ಸಂಪರ್ಕ ತಪ್ಪಿದೆ. ಯು0121 ಎಬಿಎಸ್ ಜೊತೆ, ಯು0140 ಬಿಸಿಎಂ ಜೊತೆ, ಯು0155 ಮೀಟರ್ ಬೋರ್ಡ್ ಜೊತೆ. ಯು0073 ಬಂದರೆ ಲೈನೇ ಮಲಗಿದೆ ಅಂತ.

ಎಲ್ಲರೂ ಎಡವುವುದು ಇಲ್ಲೇ. ಯು0100 ಕಂಡ ಕೂಡಲೇ ಇಸಿಎಂ ಬದಲಿಸುತ್ತಾರೆ. ಆ ಕೋಡ್ ಹೇಳುವುದು ಇಸಿಎಂ ಗೈರುಹಾಜರಾಗಿದೆ ಅಂತ ಮಾತ್ರ. ಯಾಕೆ ಬಂದಿಲ್ಲ ಅಂತ ಅದಕ್ಕೆ ಗೊತ್ತಿಲ್ಲ. ಕರೆಂಟೇ ಬಂದಿಲ್ಲದಿರಬಹುದು, ದಾರಿ ತುಂಡಾಗಿರಬಹುದು. ಅದಕ್ಕೆ ಯಾವ ಕೋಡ್ ಇದೆ ಅನ್ನುವುದರ ಜೊತೆಗೆ ಯಾವ ಮಾಡ್ಯೂಲ್‌ನಲ್ಲಿ ಇದೆ ಅಂತಲೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಬಿಎಸ್, ಬಿಸಿಎಂ, ಮೀಟರ್ ಬೋರ್ಡ್ ಮೂವರೂ ಇಸಿಎಂ ಬಗ್ಗೆಯೇ ದೂರುತ್ತಿದ್ದರೆ ಇಸಿಎಂನ ಫ್ಯೂಸ್, ಮೇನ್ ರಿಲೇ, ಅರ್ಥ್, ಕನೆಕ್ಟರ್ ನೋಡಿ. ಒಬ್ಬನೇ ಉಳಿದ ಎಲ್ಲರ ಮೇಲೂ ದೂರು ಹೇಳುತ್ತಿದ್ದಾನಾ? ಹಾಗಿದ್ದರೆ ಲೈನಿನಿಂದ ಕಳಚಿಕೊಂಡಿರುವುದು ಅವನೇ. ಎಲ್ಲರೂ ಎಲ್ಲರ ಮೇಲೂ ದೂರಿದರೆ ಲೈನ್ ಅಥವಾ ಬ್ಯಾಟರಿ.

ಕೋಡ್ ಅಳಿಸುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಮೊದಲೇ ಅಳಿಸಿಬಿಟ್ಟು ಆಮೇಲೆ ಸಹಾಯ ಕೇಳಿದರೆ ಯಾರೂ ಏನೂ ಹೇಳಲಾರರು.

4. ಲೈನ್ ರೆಸಿಸ್ಟೆನ್ಸ್ ಅಳೆಯಿರಿ

ಸ್ಟೀರಿಂಗ್ ಕೆಳಗೆ, ಹೆಚ್ಚಾಗಿ ಬಾನೆಟ್ ಲಿವರ್ ಆಸುಪಾಸಿನಲ್ಲಿ, 16 ತೂತಿನ ಒಬಿಡಿ ಸಾಕೆಟ್ ಇರುತ್ತದೆ. ಗ್ಯಾರೇಜಿನವರು ಸ್ಕ್ಯಾನರ್ ಸಿಕ್ಕಿಸುವ ಜಾಗ. ಅಗಲವಾದ ಬದಿ ಮೇಲೆ ಬರುವಂತೆ ನೋಡಿದರೆ ಮೇಲಿನ ಸಾಲು ಎಡದಿಂದ 1ರಿಂದ 8, ಕೆಳಗಿನ ಸಾಲು 9ರಿಂದ 16. ಕ್ಯಾನ್ ಹೈ 6ನೆಯದು, ಕ್ಯಾನ್ ಲೋ ಅದರ ಸರೀ ಕೆಳಗಿನ 14ನೆಯದು. 4 ಮತ್ತು 5 ಅರ್ಥ್. 16 ನೇರ ಬ್ಯಾಟರಿ ಪ್ಲಸ್. ಕೆಲವು ಕಾರಿನಲ್ಲಿ ಸಾಕೆಟ್ ಬೋರಲಾಗಿ ಕೂತಿರುತ್ತದೆ, ಆಗ ಎಣಿಕೆ ಉಲ್ಟಾ, ಹುಷಾರು.

6 ಮತ್ತು 14ರಲ್ಲಿ ಲೋಹದ ಪಿನ್ನೇ ಇಲ್ಲವಾ? ಹಾಗಾದರೆ ನಿಮ್ಮದು ಬಹುಶಃ ಸ್ಕ್ಯಾನರ್ ಜೊತೆ ಮಾತಾಡಲು ಕ್ಯಾನ್ ಬದಲು 7ನೇ ಪಿನ್‌ನ ಕೆ ಲೈನ್ ಅನ್ನುವ ವೈರ್ ಬಳಸುವ ಹಳೆಯ ಕಾರು. ಈ ಹಂತವೂ ಮುಂದಿನ ಹಂತವೂ ಸಾಕೆಟ್‌ನಲ್ಲಿ ನಡೆಯುವುದಿಲ್ಲ.

ಕೀ ತೆಗೆಯಿರಿ, ಬ್ಯಾಟರಿಯ ಮೈನಸ್ ಬಿಚ್ಚಿ. (ಸ್ಟೀರಿಯೋಗೆ ಕೋಡ್ ಬೇಕಾಗುವ ಕಾರಾದರೆ ಆ ಕೋಡ್ ಮೊದಲೇ ಹುಡುಕಿಟ್ಟುಕೊಳ್ಳಿ.) ಆಮೇಲೆ ಒಂದು ಪ್ಲೇಟ್ ಮಂಡಕ್ಕಿ ಮಿರ್ಚಿ ತಿಂದು ಬನ್ನಿ, ಅಂದರೆ 10-15 ನಿಮಿಷ ಕಾಯಿರಿ. ಲೈನಿನಲ್ಲಿ ಕರೆಂಟ್ ಇರುವಾಗ ಓಮ್ ಅಳೆದರೆ ಬರುವ ಲೆಕ್ಕ ಸುಳ್ಳು. ಅದನ್ನು ನೋಡಿ ಗಾಬರಿಯಾಗುವವರು ಬಹಳ.

ಈಗ 6 ಮತ್ತು 14ರ ನಡುವೆ ಅಳೆಯಿರಿ. ಲೈನಿನ ಎರಡು ತುದಿಯಲ್ಲೂ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ಸಂದೇಶ ತುದಿಗೆ ಬಡಿದು ವಾಪಸ್ ಬರದಂತೆ ತಡೆಯುವುದು ಅದರ ಕೆಲಸ. ಎರಡೂ ಪ್ಯಾರಲಲ್ ಆದ್ದರಿಂದ ಮೀಟರ್‌ನಲ್ಲಿ ಕಾಣಬೇಕಾದ್ದು 60.

ಸುಮಾರು 60 ಬಂದರೆ ಮುಖ್ಯ ಲೈನ್ ತುಂಡಾಗಿಲ್ಲ. 120 ಬಂದರೆ ಒಂದು ತುದಿ ಕಳಚಿದೆ, ಎಲ್ಲೋ ವೈರ್ ತುಂಡಾಗಿದೆ ಅಥವಾ ತುದಿಯ ಮಾಡ್ಯೂಲ್‌ನ ಕನೆಕ್ಟರ್ ಸರಿ ಕೂತಿಲ್ಲ. ಸೊನ್ನೆಯ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. 40ರ ಆಸುಪಾಸು ಬಂದರೆ ಯಾರೋ ಮೂರನೆಯ ರೆಸಿಸ್ಟರ್ ಇರುವ ಸಾಮಾನು ಸೇರಿಸಿದ್ದಾರೆ, ಹೊರಗಿನಿಂದ ಹಾಕಿಸಿದ ಆಕ್ಸೆಸರಿ ಮೇಲೆ ಮೊದಲ ಅನುಮಾನ. ಮೀಟರ್ ಏನೂ ತೋರಿಸದಿದ್ದರೆ ಸಾಕೆಟ್‌ಗೆ ಬರುವ ವೈರೇ ತುಂಡಾಗಿರಬಹುದು.

ಒಂದು ಮಾತು. ಹೊಸ ಕಾರುಗಳಲ್ಲಿ ಗೇಟ್‌ವೇ ಅನ್ನುವ ಮಾಡ್ಯೂಲ್ ನಡುವೆ ಕೂತಿರುತ್ತದೆ. ಹಲವು ಕ್ಯಾನ್ ಲೈನ್‌ಗಳ ನಡುವಿನ ದಾರಿ ಅದು. ಅಂಥ ಕಾರಿನಲ್ಲಿ ಸಾಕೆಟ್‌ನಲ್ಲಿ ಸಿಗುವುದು ಗೇಟ್‌ವೇ ತನಕದ ತುಂಡು ಮಾತ್ರ, ಅದರಾಚೆಯ ಲೈನ್ ಅಳೆಯಲು ಮಾಡ್ಯೂಲ್ ಹತ್ತಿರವೇ ಹೋಗಬೇಕು, ಕಾರಿನ ವೈರಿಂಗ್ ನಕ್ಷೆಯೂ ಬೇಕು.

ದಪ್ಪ ಪ್ರೋಬ್ ತುರುಕಬೇಡಿ, ಸಾಕೆಟ್‌ನ ಪಿನ್ ಅಗಲವಾಗಿ ಆಮೇಲೆ ಸ್ಕ್ಯಾನರ್ ಕೂಡ ಸರಿ ಕೂರುವುದಿಲ್ಲ.

5. ವೋಲ್ಟೇಜ್ ಅಳೆಯಿರಿ

ಬ್ಯಾಟರಿ ಸೇರಿಸಿ, ಕೀ ಆನ್ ಮಾಡಿ. ಕಪ್ಪು ಪ್ರೋಬ್ 4ಕ್ಕೆ, ಕೆಂಪು 6ಕ್ಕೆ. 2.5ಕ್ಕಿಂತ ಸ್ವಲ್ಪ ಜಾಸ್ತಿ, 2.6-2.7ರ ಹತ್ತಿರ ಬರಬೇಕು. ಕೆಂಪನ್ನು 14ಕ್ಕೆ ಇಟ್ಟರೆ ಸ್ವಲ್ಪ ಕಡಿಮೆ, 2.3-2.4. 3.5, 1.5 ಯಾಕೆ ಕಾಣಲ್ಲ ಅಂತ ಕೇಳಬೇಡಿ. ಲೈನಿನ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 5 ಲಕ್ಷ ಬಿಟ್, ಮೀಟರ್ ತೋರಿಸುವುದು ಬರೀ ಸರಾಸರಿ. ಎರಡನ್ನೂ ಕೂಡಿದರೆ ಸುಮಾರು 5 ಬಂದರೆ ಒಳ್ಳೆಯ ಲಕ್ಷಣ.

ಎರಡೂ 12ರ ಕಡೆ ಏರಿದ್ದರೆ ಎಲ್ಲೋ ಪ್ಲಸ್‌ಗೆ ತಾಗಿದೆ. ಎರಡೂ ಸೊನ್ನೆಗೆ ಇಳಿದಿದ್ದರೆ ಬಾಡಿಗೆ ತಾಗಿದೆ, ಅಥವಾ ನೀವು ಕೀ ಆನ್ ಮಾಡಿಲ್ಲ. ಎರಡೂ ಒಂದೇ ಸಮ ಅಲುಗಾಡದೆ ನಿಂತಿದ್ದರೆ ಒಂದಕ್ಕೊಂದು ತಾಗಿವೆ, ಇಲ್ಲವೇ ಯಾರೂ ಮಾತಾಡುತ್ತಿಲ್ಲ. ಈ ಹಂತದಲ್ಲಿ ಕೈ ಜಾರಿ 16ಕ್ಕೂ 4ಕ್ಕೂ ಏನಾದರೂ ತಾಗಿಸಿದರೆ ಫ್ಯೂಸ್ ಹಾರುತ್ತದೆ, ನಿಧಾನವಾಗಿ ಮಾಡಿ.

6. ಎಲ್ಲಿ ಹುಡುಕಬೇಕು

ಲೈನ್ ಕೆಟ್ಟಿದೆ ಅಂತ ಗೊತ್ತಾಯಿತು. ಇಡೀ ಕಾರು ಬಿಚ್ಚಬೇಕಾ? ಬೇಡ. ಮೊದಲು ಮನುಷ್ಯರು ಕೈ ಹಾಕಿದ ಜಾಗ ನೋಡಿ. ಸ್ಟೀರಿಯೋ, ರಿವರ್ಸ್ ಕ್ಯಾಮೆರಾ, ಹೆಚ್ಚುವರಿ ಲೈಟ್, ಅಲಾರಂ. ಹಳದಿ ಬೋರ್ಡ್ ಗಾಡಿಯಾದರೆ ಸ್ಪೀಡ್ ಗವರ್ನರ್, ಲೊಕೇಶನ್ ಟ್ರ್ಯಾಕರ್. ಇವನ್ನು ಗಡಿಬಿಡಿಯಲ್ಲಿ ಕೂರಿಸುವವರು ಕೈಗೆ ಸಿಕ್ಕ ವೈರ್‌ಗೆ ಕ್ಲಿಪ್ ಹಾಕಿ ಟೇಪ್ ಸುತ್ತಿ ಕಳಿಸುತ್ತಾರೆ. ಬೇಸಿಗೆಯಲ್ಲಿ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಅಂಥದ್ದೇನಾದರೂ ಇದ್ದರೆ ಅದನ್ನು ಪೂರ್ತಿ ಕಳಚಿ ಮತ್ತೆ ಅಳೆಯಿರಿ.

ಆಮೇಲೆ ಇಲಿ. ಮೆಕ್ಕೆಜೋಳದ ಸುಗ್ಗಿಯಲ್ಲಿ ಗೋಡೌನ್ ಪಕ್ಕ, ಕಣದ ಹತ್ತಿರ ನಿಲ್ಲಿಸುವ ಕಾರುಗಳ ಬಾನೆಟ್ ಎತ್ತಿ ನೋಡಿ, ಹಿಕ್ಕೆ, ಹುಲ್ಲು, ಜೋಳದ ಸಿಪ್ಪೆ ಸಿಕ್ಕರೆ ಅರ್ಧ ಉತ್ತರ ಸಿಕ್ಕ ಹಾಗೆ. ಇಲಿ ಪೂರ್ತಿ ಕಡಿಯದೆ ಮೇಲಿನ ಪ್ಲಾಸ್ಟಿಕ್ ಮಾತ್ರ ಹೆರೆದು ಬಿಟ್ಟಿರುತ್ತದೆ. ಹೊಸೆದ ಜೋಡಿಯಲ್ಲಿ ಎರಡೂ ತಾಮ್ರ ಪಕ್ಕಪಕ್ಕ ಬೆತ್ತಲೆ ನಿಂತಿರುತ್ತವೆ. ಪಿ.ಬಿ. ರಸ್ತೆಯ ಗುಂಡಿಗೆ ಚಕ್ರ ಇಳಿದಾಗ ತಾಗುತ್ತವೆ, ಮನೆಗೆ ಬಂದು ನೋಡಿದಾಗ ಬಿಟ್ಟುಕೊಂಡಿರುತ್ತವೆ. ವೈರ್ ಕಟ್ಟನ್ನು ಕೈಯಲ್ಲಿ ಅಲುಗಾಡಿಸುತ್ತಾ ಮೀಟರ್ ಮೇಲೆ ಕಣ್ಣಿಡಿ.

ಮೂರನೆಯದು ನೀರು. ವಾಟರ್ ಸರ್ವಿಸ್‌ನಲ್ಲಿ ಇಂಜಿನ್ ಮೇಲೆ ಜೋರಾಗಿ ನೀರು ಹೊಡೆಸಿದ ಮಾರನೇ ದಿನ ಶುರುವಾದ ತೊಂದರೆಯಾ? ಕನೆಕ್ಟರ್ ಬಿಚ್ಚಿ ನೋಡಿ, ಪಿನ್ ಮೇಲೆ ಹಸಿರು ಇದ್ದರೆ ಕ್ಲೀನರ್ ಹೊಡೆದು ಒಣಗಿಸಿ. ಮುಂದಿನ ಕಾರ್ಪೆಟ್ ಒತ್ತಿ ನೋಡಿ, ಎಸಿ ನೀರು ಒಳಗೆ ಸೋರಿ ಅಲ್ಲಿನ ಕನೆಕ್ಟರ್ ನೆನೆದಿರುವುದುಂಟು.

ಏನೂ ಸಿಗದಿದ್ದರೆ ಒಂದೊಂದೇ ಮಾಡ್ಯೂಲ್ ಕಳಚುವ ಕೆಲಸ. ಬ್ಯಾಟರಿ ಬಿಚ್ಚಿ, 6-14ರಲ್ಲಿ ಮೀಟರ್ ಇಟ್ಟು, ಏರ್‌ಬ್ಯಾಗ್ ಬಿಟ್ಟು ಉಳಿದವುಗಳ ಕನೆಕ್ಟರ್ ಒಂದೊಂದೇ ತೆಗೆಯಿರಿ. ಸೊನ್ನೆಯಲ್ಲಿದ್ದ ಲೆಕ್ಕ ಯಾವುದನ್ನು ತೆಗೆದಾಗ ಮೇಲೇರಿತೋ, ತೊಂದರೆ ಆ ಮಾಡ್ಯೂಲ್‌ನಲ್ಲಿ ಅಥವಾ ಅದರ ವೈರ್‌ನಲ್ಲಿ. ಇಸಿಎಂ ತೆಗೆದಾಗ 60 ಇದ್ದದ್ದು 120 ಆದರೆ ಹೆದರಬೇಡಿ. ತುದಿಯ ರೆಸಿಸ್ಟರ್ ಅದರೊಳಗೇ ಇತ್ತು ಅಂತ ಅರ್ಥ, ಕೆಟ್ಟಿದೆ ಅಂತಲ್ಲ.

ಕೀ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗಿ ಮತ್ತೆ ಕೆಡುತ್ತದೆ ಅನ್ನುವವರಿಗೆ: ಕ್ಯಾನ್‌ನಲ್ಲಿ ಪ್ರತಿ ಮಾಡ್ಯೂಲ್ ತನ್ನ ತಪ್ಪುಗಳನ್ನು ತಾನೇ ಎಣಿಸುತ್ತದೆ. ಕಳಿಸುವಾಗಿನ ತಪ್ಪಿನ ಲೆಕ್ಕ 255 ದಾಟಿದರೆ ಉಳಿದವರಿಗೆ ತೊಂದರೆ ಬೇಡ ಅಂತ ಲೈನಿನಿಂದ ತಾನೇ ಹೊರಗೆ ಹೋಗುತ್ತದೆ. ಇದಕ್ಕೆ ಬಸ್ ಆಫ್ ಅನ್ನುತ್ತಾರೆ. ಕೀ ತಿರುಗಿಸಿದಾಗ ಹೊಸದಾಗಿ ಶುರು. ಇಂಥದ್ದಕ್ಕೆ ಮಲ್ಟಿಮೀಟರ್ ಸಾಲದು, ಆಸಿಲೋಸ್ಕೋಪ್ ಇರುವ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಹೈ, ಲೋ ಎರಡರ ಅಲೆಯೂ ಅದರಲ್ಲಿ ಕಣ್ಣಿಗೇ ಕಾಣುತ್ತದೆ.

7. ವೈರ್ ಜೋಡಿಸುವುದು

ಕೆಟ್ಟ ತುಂಡು ಕತ್ತರಿಸಿ ಅದೇ ದಪ್ಪದ ವೈರ್ ಹಾಕಿ. ಎರಡು ವೈರ್‌ನ ಜಾಯಿಂಟ್ ಅಕ್ಕಪಕ್ಕ ಬರದಂತೆ ಮೇಲೆ ಕೆಳಗೆ ಮಾಡಿ. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿ, ಬರೀ ಟೇಪ್ ಬೇಡ. ಮತ್ತೆ ಮೊದಲಿದ್ದಂತೆ ಹೊಸೆಯಿರಿ, ಹೊಸೆಯದೆ ಬಿಡುವ ಭಾಗ 4-5 ಸೆಂಟಿಮೀಟರ್ ಮೀರದಿರಲಿ. ಹೈ ಮತ್ತು ಲೋ ಅದಲುಬದಲಾದರೆ ಲೈನ್ ಮಲಗುತ್ತದೆ, ಬಣ್ಣ ನೋಡಿಕೊಳ್ಳಿ. ಕರೆಂಟ್ ಬರ್ತಿದೆಯಾ ಅಂತ ನೋಡಲು ವೈರ್ ಸಿಪ್ಪೆಗೆ ಸೂಜಿ ಚುಚ್ಚುವ ಅಭ್ಯಾಸ ಇದ್ದರೆ ಬಿಡಿ. ಆ ತೂತಿನಿಂದ ನೀರಿಳಿದು ಮುಂದಿನ ಮಳೆಗಾಲಕ್ಕೆ ತಾಮ್ರ ಹಸಿರಾಗಿರುತ್ತದೆ. ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಕೂಡ ಕ್ಯಾನ್ ವೈರ್‌ಗೆ ಹಚ್ಚಬಾರದು.

8. ಅಳಿಸಿ, ಓಡಿಸಿ, ಮತ್ತೆ ಓದಿ

ಕೋಡ್ ಅಳಿಸಿ. ದಾವಣಗೆರೆಯಿಂದ ಚಿತ್ರದುರ್ಗದ ತನಕ ಹೈವೇಯಲ್ಲಿ ಒಂದು ಸಲ ಹೋಗಿ ಬನ್ನಿ, ಊರೊಳಗಿನ ಹಂಪ್‌ಗಳ ಮೇಲೂ ಓಡಿಸಿ. ಎಬಿಎಸ್, ಸ್ಟೀರಿಂಗ್ ದೀಪ ಆರಿರದಿದ್ದರೆ ಮಾತ್ರ ಈ ಪ್ರಯೋಗ ಬೇಡ, ಗಾಡಿ ನಿಲ್ಲಿಸಿ. ಮತ್ತೆ ಓದಿದಾಗ ಕರೆಂಟ್ ಕೋಡ್, ಅಂದರೆ ಈಗಲೂ ಇರುವ ತೊಂದರೆ, ಒಂದೂ ಇರಬಾರದು. ಬ್ಯಾಟರಿ ಬಿಚ್ಚಿದ್ದರಿಂದ ಪವರ್ ವಿಂಡೋ ಆಟೋ ಕೆಲಸ ಮಾಡದಿರಬಹುದು, ಗಡಿಯಾರ ತಪ್ಪಿರಬಹುದು, ಐಡಲ್ ಸ್ವಲ್ಪ ಹೊತ್ತು ಏರಿಳಿಯಬಹುದು. ಅದನ್ನು ಹೊಸ ತೊಂದರೆ ಅಂದುಕೊಳ್ಳಬೇಡಿ. ಬ್ಲೂಟೂತ್ ಅಡಾಪ್ಟರನ್ನು ಸಾಕೆಟ್‌ನಲ್ಲೇ ಬಿಟ್ಟು ಹೋಗಬೇಡಿ, ವಾರಗಟ್ಟಲೆ ನಿಂತ ಕಾರಿನ ಬ್ಯಾಟರಿಯನ್ನು ಅದು ಖಾಲಿ ಮಾಡುತ್ತದೆ.

ಇಸಿಎಂ ನಿಜಕ್ಕೂ ಹೋಗಿದ್ದರೆ

ಪವರ್ ಬರುತ್ತಿದೆ, ಅರ್ಥ್ ಸರಿ ಇದೆ, ಕ್ಯಾನ್ ವೈರ್ ಕನೆಕ್ಟರ್ ತನಕ ಬಂದಿದೆ, ಆದರೂ ಅದು ಮಾತಾಡುತ್ತಿಲ್ಲ. ಆಗ ಒಪ್ಪಿಕೊಳ್ಳೋಣ, ಹೋಗಿದೆ. ಆದರೆ ಗುಜರಿಯಿಂದ ಅದೇ ಮಾಡೆಲ್‌ನ ಇಸಿಎಂ ತಂದು ಸಿಕ್ಕಿಸಿದರೆ ಇಮ್ಮೊಬಿಲೈಜರ್ (ಗುರುತು ಸಿಗದ ಕೀಲಿಗೆ ಇಂಜಿನ್ ಹಿಡಿಯದಂತೆ ತಡೆಯುವ ವ್ಯವಸ್ಥೆ) ಇರುವ ಕಾರು ಸ್ಟಾರ್ಟ್ ಆಗುವುದಿಲ್ಲ. ಕೀಲಿಯ ಗುರುತು ಹಳೆಯ ಇಸಿಎಂನಲ್ಲೇ ಉಳಿದಿರುತ್ತದೆ, ಸೆಲ್ಫ್ ಹೊಡೆದರೂ ಇಂಜಿನ್ ಹಿಡಿಯದು, ಅಥವಾ ಹಿಡಿದು ಆಫ್ ಆಗುತ್ತದೆ. ಮ್ಯಾಚಿಂಗ್ ಮತ್ತು ಕೋಡಿಂಗ್, ಅಂದರೆ ತಂದ ಇಸಿಎಂಗೆ ನಿಮ್ಮ ಕಾರು, ಕೀಲಿಯ ಗುರುತು ಕೂರಿಸುವ ಕೆಲಸ, ಮಾಡಲೇಬೇಕು. ಅದಕ್ಕೇ ಅಡ್ವಾನ್ಸ್ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ: 6 ಮತ್ತು 14ರ ನಡುವೆ ಎಷ್ಟು ಓಮ್ ಬಂತು, ಇಸಿಎಂ ಕನೆಕ್ಟರ್‌ನಲ್ಲಿ ಪವರ್, ಅರ್ಥ್ ನೋಡಿದ್ರಾ, ಕೋಡಿಂಗ್ ಯಾರು ಮಾಡ್ತಾರೆ, ಅದರ ಚಾರ್ಜ್ ಈ ರೇಟಿನಲ್ಲೇ ಸೇರಿದೆಯಾ? ಉತ್ತರಗಳನ್ನು ಎಸ್ಟಿಮೇಟ್ ಹಾಳೆಯ ಮೇಲೇ ಬರೆಸಿಕೊಳ್ಳಿ, ಹಳೆಯ ಇಸಿಎಂ ವಾಪಸ್ ಇಸ್ಕೊಳ್ಳಿ.